ವಿದ್ಯುತ್ತಿನ ಹಾದಿ

ಚಾಮರಾಜನಗರಕ್ಕೂ ಗುಂಡ್ಲುಪೇಟೆಗೂ ನಡುವೆ ಹರಡಿರುವ ಬಯಲು ನಾಡು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಸೀಮೆ. ಉಡಿಗಾಲದಂಥ ಊರುಗಳ ಸುತ್ತಮುತ್ತ ಬೇಸಿಗೆಯಲ್ಲಿಯೂ ಒಂದು ಹೊಲದಲ್ಲಿ ಅರಿಶಿನವೋ ಸಣ್ಣ ಈರುಳ್ಳಿಯೋ ಹಸುರಾಗಿ ನಿಂತಿದ್ದರೆ, ಅದರ ಹಿಂದೆ ನೆಲದಾಳದಿಂದ ನೀರನ್ನು ಮೇಲಕ್ಕೆತ್ತುವ ಒಂದು ಪಂಪು ಇದ್ದೇ ಇರುತ್ತದೆ. ಹಿಂದಿನವರು ಕಪಿಲೆ ಕಟ್ಟಿ, ಎತ್ತುಗಳನ್ನು ಹಿಂದಕ್ಕೂ ಮುಂದಕ್ಕೂ ನಡೆಸಿ, ಚರ್ಮದ ಬಾನಿಯಲ್ಲಿ ಬಾವಿಯ ನೀರನ್ನು ಸೇದುತ್ತಿದ್ದರು. ಇಂದು ಆ ಕೆಲಸಕ್ಕೆ ಒಂದು ಗುಂಡಿಯನ್ನು ಒತ್ತಿದರೆ ಸಾಕು. ಮನೆಯ ದೀಪ, ಹಿಟ್ಟಿನ ಗಿರಣಿ, ಶಾಲೆಯ ಗಂಟೆ, ಕೈಯಲ್ಲಿರುವ ಮೊಬೈಲು ಎಲ್ಲಕ್ಕೂ ವಿದ್ಯುತ್ತೇ ಜೀವಾಳ.

ಆದರೆ ಆ ತಂತಿಯೊಳಗೆ ನಡೆಯುವುದೇನು ಎಂದು ಕೇಳಿದರೆ ನಮ್ಮಲ್ಲಿ ಅನೇಕರು ಸುಮ್ಮನಾಗುತ್ತೇವೆ. 'ಕರೆಂಟು ಬರುತ್ತದೆ, ಕರೆಂಟು ಹೋಗುತ್ತದೆ' ಎಂಬ ಮಾತಿಗಿಂತ ಮುಂದಕ್ಕೆ ನಮ್ಮ ತಿಳಿವಳಿಕೆ ಹೋಗುವುದಿಲ್ಲ. ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ವಿದ್ಯುತ್ತು ಯಾವ ಹಾದಿಯಲ್ಲಿ ಹರಿಯುತ್ತದೆ ಎಂಬುದನ್ನು ಅರಿತವನು ಅದರಿಂದ ಸೇವೆ ಪಡೆಯುತ್ತಾನೆ. ಅರಿಯದವನು ಒಮ್ಮೊಮ್ಮೆ ತನ್ನ ದೇಹವನ್ನೇ ಆ ಹಾದಿಯಾಗಿ ಒಡ್ಡಿ ಪ್ರಾಣ ಕಳೆದುಕೊಳ್ಳುತ್ತಾನೆ. ಆದುದರಿಂದ ಈ ಹಾದಿಯ ಪರಿಚಯ ಪ್ರತಿಯೊಬ್ಬರಿಗೂ ಅವಶ್ಯಕ.

ಒಂದು ಸರಳವಾದ ಪ್ರಯೋಗದಿಂದ ಪ್ರಾರಂಭಿಸೋಣ. ಒಂದು ಟಾರ್ಚಿನ ಸೆಲ್ಲು, ಅದಕ್ಕೆ ಹೊಂದುವ ಒಂದು ಸಣ್ಣ ತಂತಿಬಲ್ಬು, ತುದಿಗಳಲ್ಲಿ ಹೊದಿಕೆಯನ್ನು ಸುಲಿದ ಎರಡು ತುಂಡು ತಂತಿ ಇಷ್ಟನ್ನು ತೆಗೆದುಕೊಳ್ಳಿ. ಸೆಲ್ಲಿನ ಮೇಲ್ತುದಿಯ ಗುಬುಟಿನಿಂದ ಒಂದು ತಂತಿಯನ್ನು ಬಲ್ಬಿನ ತಳಕ್ಕೆ ತಾಗಿಸಿ. ಬಲ್ಬು ಉರಿಯುವುದಿಲ್ಲ. ಈಗ ಬಲ್ಬಿನ ಲೋಹದ ಕತ್ತಿನಿಂದ ಇನ್ನೊಂದು ತಂತಿಯನ್ನು ಸೆಲ್ಲಿನ ತಳಕ್ಕೆ ಮುಟ್ಟಿಸಿ. ಕೂಡಲೇ ಬಲ್ಬು ಬೆಳಗುತ್ತದೆ. ಎರಡರಲ್ಲಿ ಯಾವುದೊಂದು ತಂತಿಯನ್ನು ಕೂದಲೆಳೆಯಷ್ಟು ದೂರ ಸರಿಸಿದರೂ ಬೆಳಕು ನಂದುತ್ತದೆ. ಅಂದರೆ ಸೆಲ್ಲಿನಿಂದ ಬಲ್ಬಿಗೆ ಹೋಗಲು ಒಂದು ದಾರಿ ಇದ್ದರೆ ಸಾಲದು. ಬಲ್ಬಿನಿಂದ ಸೆಲ್ಲಿಗೆ ಹಿಂದಿರುಗಲು ಇನ್ನೊಂದು ದಾರಿ ಬೇಕು. ಹೊರಟಲ್ಲಿಗೇ ಮರಳಿ ಬರುವ, ಎಲ್ಲಿಯೂ ತುಂಡಾಗದ ಈ ಸುತ್ತುದಾರಿಗೆ ವಿದ್ಯುನ್ಮಂಡಲ ಎಂದು ಹೆಸರು. ಮಂಡಲವೆಂದರೆ ಸುತ್ತು. ಸುತ್ತು ಪೂರ್ಣವಾಗಿದ್ದರೆ ಪ್ರವಾಹವುಂಟು, ಸುತ್ತು ಕಡಿದರೆ ಪ್ರವಾಹವಿಲ್ಲ. ಸ್ವಿಚ್ಚು ಎಂಬ ಸಾಧನ ಮಾಡುವ ಕೆಲಸವೂ ಇಷ್ಟೇ. ಅದು ನಮ್ಮ ಇಚ್ಛೆಯಂತೆ ಈ ಸುತ್ತನ್ನು ಕೂಡಿಸುತ್ತದೆ, ಇಲ್ಲವೇ ಕಡಿಯುತ್ತದೆ.

ಹಾಗಾದರೆ ಈ ಸುತ್ತಿನಲ್ಲಿ ಹರಿಯುವುದು ಯಾವುದು? ಪ್ರತಿಯೊಂದು ವಸ್ತುವೂ ಪರಮಾಣುಗಳಿಂದ ಆದುದು. ಪರಮಾಣುವಿನಲ್ಲಿ ಋಣ ವಿದ್ಯುದಂಶವುಳ್ಳ ಎಲೆಕ್ಟ್ರಾನುಗಳೆಂಬ ಅತಿ ಸೂಕ್ಷ್ಮ ಕಣಗಳಿವೆ. ತಾಮ್ರ, ಅಲ್ಯೂಮಿನಿಯಂ ಮುಂತಾದ ಲೋಹಗಳಲ್ಲಿ ಪ್ರತಿ ಪರಮಾಣುವಿನ ಒಂದೆರಡು ಎಲೆಕ್ಟ್ರಾನುಗಳು ತಮ್ಮ ಮನೆಯನ್ನು ಬಿಟ್ಟು ಲೋಹದೊಳಗೆಲ್ಲ ಸ್ವೇಚ್ಛೆಯಾಗಿ ಅಲೆಯಬಲ್ಲವು. ಅವುಗಳನ್ನು ಒಂದು ದಿಕ್ಕಿಗೆ ನೂಕಿದಾಗ ವಿದ್ಯುತ್ಪ್ರವಾಹ ಉಂಟಾಗುತ್ತದೆ. ಇಂಥ ವಸ್ತುಗಳು ವಾಹಕಗಳು. ರಬ್ಬರು, ಪಿಂಗಾಣಿ, ಗಾಜು, ಪ್ಲಾಸ್ಟಿಕ್, ಒಣ ಮರ ಇವುಗಳಲ್ಲಿ ಎಲೆಕ್ಟ್ರಾನುಗಳು ತಮ್ಮ ತಮ್ಮ ಪರಮಾಣುಗಳಿಗೆ ಬಿಗಿಯಾಗಿ ಅಂಟಿಕೊಂಡಿರುತ್ತವೆ. ಇವು ಅವಾಹಕಗಳು. ವಿದ್ಯುತ್ ಕಂಬದ ಮೇಲೆ ತಂತಿಯನ್ನು ಹೊತ್ತು ಕುಳಿತಿರುವ ಪಿಂಗಾಣಿಯ ಬಟ್ಟಲುಗಳನ್ನು ನೀವು ನೋಡಿದ್ದೀರಿ. ತಂತಿಯ ವಿದ್ಯುತ್ತು ಕಂಬಕ್ಕೆ ಇಳಿಯದಂತೆ ತಡೆಯುವುದೇ ಅವುಗಳ ಕೆಲಸ.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಸ್ವಿಚ್ಚನ್ನು ಒತ್ತಿದ ಕ್ಷಣದಲ್ಲೇ ದೀಪ ಬೆಳಗುತ್ತದೆ. ಹಾಗಾದರೆ ಎಲೆಕ್ಟ್ರಾನುಗಳು ಮಿಂಚಿನ ವೇಗದಲ್ಲಿ ಓಡುತ್ತವೆಯೇ? ನಿಜ ಸಂಗತಿ ಇದಕ್ಕೆ ವಿರುದ್ಧವಾಗಿದೆ. ಒಂದು ಚದರ ಮಿಲಿಮೀಟರು ದಪ್ಪದ ತಾಮ್ರದ ತಂತಿಯಲ್ಲಿ ಸೆಲ್ಲಿನಿಂದ ಒಂದು ಆಂಪಿಯರ್ ಪ್ರವಾಹ ಹರಿಯುತ್ತಿರುವಾಗ ಎಲೆಕ್ಟ್ರಾನುಗಳು ಮುಂದೆ ಸಾಗುವುದು ಸೆಕೆಂಡಿಗೆ ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕೂ ಕಡಿಮೆ ದೂರ. ಬಸವನಹುಳುವೂ ಅದಕ್ಕಿಂತ ವೇಗವಾಗಿ ತೆವಳುತ್ತದೆ.

ಈ ಒಗಟನ್ನು ಬಿಡಿಸಲು ಬೈಸಿಕಲ್ಲಿನ ಸರಪಳಿಯನ್ನು ನೆನೆಯಿರಿ. ನೀವು ತುಳಿಗಾಲನ್ನು ತುಳಿದೊಡನೆ ಹಿಂದಿನ ಚಕ್ರ ತಿರುಗುತ್ತದೆ. ನೀವು ತುಳಿದ ಕಡೆಯಿದ್ದ ಕೊಂಡಿ ಹಿಂದಿನ ಚಕ್ರದವರೆಗೆ ಬರಲಿ ಎಂದು ಚಕ್ರ ಕಾಯುವುದಿಲ್ಲ. ಸರಪಳಿಯ ತುಂಬ ಕೊಂಡಿಗಳು ಮೊದಲೇ ಇವೆ. ಒಂದು ಸರಿದರೆ ಎಲ್ಲವೂ ಸರಿಯುತ್ತವೆ. ತಂತಿಯಲ್ಲಿಯೂ ಹೀಗೆಯೇ. ಅದರ ಉದ್ದಕ್ಕೂ ಎಲೆಕ್ಟ್ರಾನುಗಳು ಮೊದಲೇ ತುಂಬಿರುತ್ತವೆ. ಸ್ವಿಚ್ಚು ಒತ್ತಿದಾಗ ಅತಿ ವೇಗವಾಗಿ ಹಬ್ಬುವುದು ನೂಕುವ ಒತ್ತಡವೇ ಹೊರತು ಕಣಗಳಲ್ಲ. ಇನ್ನೂ ಎರಡು ಸಂಗತಿಗಳನ್ನು ಈ ಸರಪಳಿ ನಮಗೆ ತಿಳಿಸಿಕೊಡುತ್ತದೆ. ಮೊದಲನೆಯದು, ಸರಪಳಿ ಎಲ್ಲಿ ತುಂಡಾದರೂ ಇಡೀ ಸರಪಳಿ ನಿಲ್ಲುತ್ತದೆ. ಎರಡನೆಯದು, ಚಕ್ರವು ಸರಪಳಿಯನ್ನು ತಿಂದುಹಾಕುವುದಿಲ್ಲ. ಹೋದಷ್ಟು ಕೊಂಡಿಗಳೂ ಹಿಂದಕ್ಕೆ ಬರುತ್ತವೆ. ಚಕ್ರಕ್ಕೆ ಸಲ್ಲುವುದು ನಿಮ್ಮ ಕಾಲಿನ ಶಕ್ತಿ ಮಾತ್ರ. ಹಾಗೆಯೇ ಬಲ್ಬು ಪ್ರವಾಹವನ್ನು ನುಂಗುವುದಿಲ್ಲ. ಒಂದು ತಂತಿಯಿಂದ ಎಷ್ಟು ಪ್ರವಾಹ ಒಳಬಂದಿತೋ ಅಷ್ಟೇ ಪ್ರವಾಹ ಇನ್ನೊಂದರಿಂದ ಹೊರಹೋಗುತ್ತದೆ. ಬಲ್ಬಿನಲ್ಲಿ ವ್ಯಯವಾಗುವುದು ಶಕ್ತಿ; ಅದೇ ಬೆಳಕೂ ಶಾಖವೂ ಆಗಿ ಹೊರಹೊಮ್ಮುತ್ತದೆ. ಈ ಮಾತನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ಮುಂದೆ ನಮ್ಮ ಪ್ರಾಣವನ್ನು ಕಾಯುವ ಒಂದು ಉಪಕರಣ ಇದನ್ನೇ ಆಧರಿಸಿದೆ.

ಸರಪಳಿಯನ್ನು ಓಡಿಸಲು ಕಾಲು ಬೇಕು. ಎಲೆಕ್ಟ್ರಾನುಗಳನ್ನು ನೂಕಲು ಒಂದು ಆಕರ ಬೇಕು. ಎಡೆಬಿಡದೆ ನೂಕುವ ಇಂಥ ಆಕರವನ್ನು ಮೊದಲು ರಚಿಸಿ ೧೮೦೦ರಲ್ಲಿ ಲೋಕಕ್ಕೆ ತಿಳಿಸಿದವನು ಇಟಲಿಯ ಅಲೆಸ್ಸಾಂಡ್ರೋ ವೋಲ್ಟಾ. ಎರಡು ಬಗೆಯ ಲೋಹದ ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ, ನಡುನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ಅವನು ಕಟ್ಟಿದ ಕಂಬವೇ ಇಂದಿನ ಬ್ಯಾಟರಿಗಳ ಮೂಲ. ನೂಕುವ ಒತ್ತಡವನ್ನು, ಅಂದರೆ ವಿಭವಾಂತರವನ್ನು, ಅವನ ಹೆಸರಿನಿಂದಲೇ ವೋಲ್ಟುಗಳಲ್ಲಿ ಅಳೆಯುತ್ತೇವೆ. ಮನೆಯ ಮೇಲಿನ ನೀರಿನ ತೊಟ್ಟಿ ಎತ್ತರದಲ್ಲಿದ್ದಷ್ಟೂ ಕೆಳಗಿನ ನಲ್ಲಿಯಲ್ಲಿ ನೀರು ರಭಸವಾಗಿ ಬೀಳುವುದಷ್ಟೆ. ಹಾಗೆಯೇ ವೋಲ್ಟು ಹೆಚ್ಚಿದಷ್ಟೂ ನೂಕು ಹೆಚ್ಚು. ಟಾರ್ಚಿನ ಒಂದು ಸೆಲ್ಲಿನ ಒತ್ತಡ ೧.೫ ವೋಲ್ಟು, ನಮ್ಮ ಮನೆಗಳಿಗೆ ಬರುವುದು ೨೩೦ ವೋಲ್ಟು. ತಂತಿಯಲ್ಲಿ ಸೆಕೆಂಡಿಗೆ ಎಷ್ಟು ವಿದ್ಯುದಂಶ ಹಾಯುತ್ತದೆ ಎಂಬುದು ಪ್ರವಾಹದ ಪ್ರಮಾಣ. ಅದನ್ನು ಆಂಪಿಯರುಗಳಲ್ಲಿ ಅಳೆಯುತ್ತೇವೆ. ಪ್ರವಾಹಕ್ಕೆ ದಾರಿಯಲ್ಲಿ ಒದಗುವ ಅಡ್ಡಿ ರೋಧ. ಅದರ ಅಳತೆ ಓಮ್. ಸಣ್ಣ ಕೊಳವೆಯಲ್ಲಿ ನೀರು ಹರಿಯುವುದು ಕಷ್ಟ, ಉದ್ದನೆಯ ಕೊಳವೆಯಲ್ಲಿ ಇನ್ನೂ ಕಷ್ಟ. ತಂತಿಯೂ ತೆಳುವಾದಷ್ಟು, ಉದ್ದವಾದಷ್ಟು ಅದರ ರೋಧ ಹೆಚ್ಚುತ್ತದೆ.

ಈ ಮೂರಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದವನು ಒಬ್ಬ ಶಾಲಾ ಉಪಾಧ್ಯಾಯ. ಜರ್ಮನಿಯ ಕೊಲೋನ್ ನಗರದಲ್ಲಿ ಮಕ್ಕಳಿಗೆ ಗಣಿತ ಹಾಗೂ ಭೌತವಿಜ್ಞಾನಗಳನ್ನು ಬೋಧಿಸುತ್ತಿದ್ದ ಗೇಯಾರ್ಗ್ ಸೈಮನ್ ಓಮ್, ಶಾಲೆಯ ಉಪಕರಣಗಳನ್ನೇ ಬಳಸಿ ತಾಳ್ಮೆಯಿಂದ ಪ್ರಯೋಗಗಳನ್ನು ನಡೆಸಿ, ೧೮೨೭ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಅವನ ದೇಶದ ವಿದ್ವಾಂಸರು ಮೊದಮೊದಲು ಅದಕ್ಕೆ ಆದರ ತೋರಲಿಲ್ಲ. ೧೮೪೧ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವನಿಗೆ ಕಾಪ್ಲೆ ಪದಕವನ್ನಿತ್ತು ಗೌರವಿಸಿತು. ಅವನ ನಿಯಮ ಬಹು ಸರಳ: ವೋಲ್ಟನ್ನು ರೋಧದಿಂದ ಭಾಗಿಸಿದರೆ ಪ್ರವಾಹ ದೊರೆಯುತ್ತದೆ. ಎರಡು ಸೆಲ್ಲಿನ ಟಾರ್ಚನ್ನು ತೆಗೆದುಕೊಳ್ಳಿ. ಒಟ್ಟು ಒತ್ತಡ ೩ ವೋಲ್ಟು. ಉರಿಯುತ್ತಿರುವ ಬಲ್ಬಿನ ರೋಧ ೧೦ ಓಮ್ ಇದ್ದರೆ ಪ್ರವಾಹ ೦.೩ ಆಂಪಿಯರ್. ಒತ್ತಡ ಇಮ್ಮಡಿಯಾದರೆ ಪ್ರವಾಹವೂ ಇಮ್ಮಡಿ. ರೋಧ ಇಮ್ಮಡಿಯಾದರೆ ಪ್ರವಾಹ ಅರ್ಧ. ಲೋಹದ ತಂತಿಗಳಿಗೆ, ಅವುಗಳ ಬಿಸಿ ಬದಲಾಗದಿರುವಾಗ, ಈ ನಿಯಮ ಚೆನ್ನಾಗಿ ಹೊಂದುತ್ತದೆ.

ಒಂದು ಬಲ್ಬಿನಿಂದ ಹಲವು ಬಲ್ಬುಗಳಿಗೆ ಬರೋಣ. ಅವುಗಳನ್ನು ಎರಡು ರೀತಿಯಲ್ಲಿ ಜೋಡಿಸಬಹುದು. ಹೂವುಗಳನ್ನು ಪೋಣಿಸಿದಂತೆ ಒಂದರ ನಂತರ ಒಂದನ್ನು ಒಂದೇ ದಾರಿಯಲ್ಲಿ ಕಟ್ಟುವುದು ಸರಣಿ ಜೋಡಣೆ. ಜಾತ್ರೆಯ ಹಳೆಯ ಬಗೆಯ ಸರದೀಪಗಳು ಇಂಥವು. ೨೩೦ ವೋಲ್ಟಿನ ಒತ್ತಡವನ್ನು ಆ ಸಣ್ಣ ಬಲ್ಬುಗಳೆಲ್ಲ ಹಂಚಿಕೊಳ್ಳುತ್ತವೆ. ಒಂದು ಬಲ್ಬು ಕೆಟ್ಟಿತೆಂದರೆ ಸುತ್ತು ಕಡಿದುಹೋಗಿ ಇಡೀ ಸರ ಕತ್ತಲಾಗುತ್ತದೆ. ಇನ್ನೊಂದು ರೀತಿ ಸಮಾಂತರ ಜೋಡಣೆ. ಮುಖ್ಯ ಕಾಲುವೆಯಿಂದ ಪ್ರತಿ ಹೊಲಕ್ಕೂ ಬೇರೆ ಬೇರೆ ತೂಬು ಇರುವಂತೆ, ಇಲ್ಲಿ ಪ್ರತಿಯೊಂದು ದೀಪಕ್ಕೂ ತನ್ನದೇ ಆದ ಕವಲುದಾರಿ ಇರುತ್ತದೆ. ಒಂದನ್ನು ಆರಿಸಿದರೆ ಉಳಿದವು ಉರಿಯುತ್ತಲೇ ಇರುತ್ತವೆ. ಪ್ರತಿಯೊಂದಕ್ಕೂ ಪೂರ್ತಿ ೨೩೦ ವೋಲ್ಟು ಲಭಿಸುತ್ತದೆ. ನಮ್ಮ ಮನೆಗಳ ತಂತಿಯ ಏರ್ಪಾಡು ಈ ಬಗೆಯದು.

ಮನೆಗೆ ಕಂಬದಿಂದ ಎರಡು ತಂತಿಗಳು ಬರುತ್ತವೆ. ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಇವೆರಡೂ ಸೆಲ್ಲಿನ ಎರಡು ತುದಿಗಳಿದ್ದಂತೆ. ಆದರೆ ಒಂದು ವ್ಯತ್ಯಾಸವುಂಟು. ಸೆಲ್ಲಿನ ಪ್ರವಾಹ ಸದಾ ಒಂದೇ ದಿಕ್ಕಿಗೆ ಹರಿಯುತ್ತದೆ. ಮನೆಯ ಪ್ರವಾಹವಾದರೋ ಸೆಕೆಂಡಿಗೆ ೫೦ ಸಲ ಹಿಂದಕ್ಕೂ ಮುಂದಕ್ಕೂ ತೂಗಾಡುತ್ತದೆ. ಗರಗಸವು ಮುಂದೆ ಹೋದಾಗಲೂ ಹಿಂದೆ ಬಂದಾಗಲೂ ಮರವನ್ನು ಕೊಯ್ಯುವಂತೆ, ಈ ಪರ್ಯಾಯ ಪ್ರವಾಹವೂ ಎರಡು ದಿಕ್ಕಿನಲ್ಲಿಯೂ ಕೆಲಸ ಮಾಡುತ್ತದೆ. ಸ್ವಿಚ್ಚನ್ನು ಯಾವಾಗಲೂ ಫೇಸ್ ತಂತಿಯಲ್ಲಿಯೇ ಇಡಬೇಕು. ನ್ಯೂಟ್ರಲಿನಲ್ಲಿಟ್ಟರೂ ದೀಪ ಆರುತ್ತದೆ, ನಿಜ. ಆದರೆ ಆರಿದ ದೀಪದ ಹಿಡಿಕೆಯಲ್ಲಿ ಒತ್ತಡ ಹಾಗೆಯೇ ಉಳಿದಿರುತ್ತದೆ. ಬಲ್ಬು ಬದಲಾಯಿಸಲು ಕೈ ಹಾಕಿದವನಿಗೆ ಅದು ಅಪಾಯ.

ಯಾವುದೇ ಉಪಕರಣ ಕೆಲಸ ಮಾಡುವ ದರವನ್ನು ವಾಟುಗಳಲ್ಲಿ ಹೇಳುತ್ತೇವೆ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಬಿಸಿ ಮಾಡುವ ಉಪಕರಣಗಳ ವಾಟು ಸಿಗುತ್ತದೆ. ೧,೦೦೦ ವಾಟಿನ ಇಸ್ತ್ರಿಪೆಟ್ಟಿಗೆ ಸುಮಾರು ೪.೩ ಆಂಪಿಯರ್ ಪ್ರವಾಹವನ್ನು ಪಡೆಯುತ್ತದೆ. ನೀರು ಕಾಯಿಸುವ ೧,೫೦೦ ವಾಟಿನ ಕಾಯಿಲು ಸುಮಾರು ೬.೫ ಆಂಪಿಯರ್ ಪಡೆಯುತ್ತದೆ. ಸಮಾಂತರ ಜೋಡಣೆಯಲ್ಲಿ ಕವಲುಗಳ ಪ್ರವಾಹವೆಲ್ಲ ಮುಖ್ಯ ತಂತಿಯಲ್ಲಿ ಒಟ್ಟುಗೂಡುತ್ತದೆ. ತಂತಿಯಲ್ಲಿ ಪ್ರವಾಹ ಇಮ್ಮಡಿಯಾದರೆ ಅದರ ಬಿಸಿ ಇಮ್ಮಡಿಯಲ್ಲ, ನಾಲ್ಮಡಿಯಾಗುತ್ತದೆ. ಇನ್ನು ಫೇಸ್ ಮತ್ತು ನ್ಯೂಟ್ರಲ್ ತಂತಿಗಳು ಹೊದಿಕೆ ಹರಿದು ನೇರವಾಗಿ ಒಂದನ್ನೊಂದು ತಾಗಿದರೆ ದಾರಿಯಲ್ಲಿ ರೋಧವೇ ಇಲ್ಲದಂತಾಗಿ, ಓಮ್ ನಿಯಮದಂತೆ ಪ್ರವಾಹ ಮಿತಿಮೀರಿ ಏರಿ, ತಂತಿ ಕಾದು ಬೆಂಕಿ ಹತ್ತುತ್ತದೆ. ಇದನ್ನೇ ಷಾರ್ಟ್ ಸರ್ಕ್ಯೂಟ್ ಎನ್ನುವುದು. ಇದನ್ನು ತಡೆಯಲು ದಾರಿಯಲ್ಲಿ ಬೇಕೆಂದೇ ಒಂದು ತೆಳುವಾದ ತಂತಿಯನ್ನು ಇಡುತ್ತಾರೆ, ಅದೇ ಫ್ಯೂಸು. ಮಿತಿಮೀರಿದ ಪ್ರವಾಹ ಬಂದೊಡನೆ ಅದು ತಾನು ಕರಗಿ, ಸುತ್ತನ್ನು ಕಡಿದು, ಮನೆಯನ್ನು ಉಳಿಸುತ್ತದೆ. ಫ್ಯೂಸು ಪದೇ ಪದೇ ಹೋಗುತ್ತದೆಂದು ಬೇಸತ್ತು ಅಲ್ಲಿ ದಪ್ಪನೆಯ ತಂತಿಯನ್ನು ಸುತ್ತುವವರಿದ್ದಾರೆ. ಕೂಗುತ್ತದೆಂಬ ಕಾರಣಕ್ಕೆ ಕಾವಲುನಾಯಿಯ ಬಾಯಿ ಕಟ್ಟಿದಂತೆ ಇದು. ಈಚಿನ ಮನೆಗಳಲ್ಲಿ ಫ್ಯೂಸಿನ ಬದಲು ತಾನೇ ಕೆಳಗೆ ಬೀಳುವ ಎಂ.ಸಿ.ಬಿ. ಸ್ವಿಚ್ಚುಗಳಿವೆ, ಅವುಗಳ ಕೆಲಸವೂ ಇದೇ.

ಈಗ ಮನೆಯಿಂದ ಹೊಲಕ್ಕೆ ಹೋಗೋಣ. ಪಂಪಿನ ಮೋಟಾರಿಗೆ ಸಾಮಾನ್ಯವಾಗಿ ಮೂರು ಫೇಸುಗಳು ಬೇಕು. ಒಂದೊಂದು ಫೇಸಿಗೂ ನ್ಯೂಟ್ರಲಿಗೂ ನಡುವೆ ೨೩೦ ವೋಲ್ಟು ಇದ್ದರೆ, ಎರಡು ಫೇಸುಗಳ ನಡುವೆ ಸುಮಾರು ೪೦೦ ವೋಲ್ಟು ಇರುತ್ತದೆ. ಹಳ್ಳಿಗರು ಟಿ.ಸಿ. ಎಂದು ಕರೆಯುವ ಟ್ರಾನ್ಸ್‌ಫಾರ್ಮರಿನ ಹತ್ತಿರದ ಪಂಪು ಚೆನ್ನಾಗಿ ನೀರೆತ್ತುತ್ತದೆ. ಲೈನಿನ ಕೊನೆಯ ಹೊಲದ ಪಂಪು ಗೊಣಗುತ್ತದೆ, ಮೋಟಾರು ಸುಡುತ್ತದೆ. ಇದು ಅನೇಕ ರೈತರ ಅನುಭವ. ಕಾರಣವೇನು? ಲೈನಿನ ತಂತಿಗೂ ರೋಧವುಂಟು. ತಂತಿ ಉದ್ದವಾದಷ್ಟು, ಅದರಲ್ಲಿ ಹರಿಯುವ ಪ್ರವಾಹ ಹೆಚ್ಚಾದಷ್ಟು, ಒತ್ತಡದ ಒಂದು ಪಾಲು ದಾರಿಯಲ್ಲಿಯೇ ವ್ಯಯವಾಗುತ್ತದೆ. ಆದರೆ ನೀರೆತ್ತುವ ಹೊರೆ ಕಡಿಮೆಯಾಗದು. ಒತ್ತಡ ಕುಗ್ಗಿದಾಗ ಆ ಹೊರೆಯನ್ನು ಹೊರಲು ಮೋಟಾರು ಹೆಚ್ಚು ಪ್ರವಾಹವನ್ನು ಎಳೆಯುತ್ತದೆ. ಅದರಿಂದ ಸುರುಳಿ ಕಾದು ಸುಟ್ಟುಹೋಗುತ್ತದೆ. ಅಳತೆ ಮೀರಿ ಪಂಪುಗಳನ್ನು ಒಂದೇ ಟಿ.ಸಿ.ಗೆ ತಗುಲಿಸಿದರೆ ಎಲ್ಲರಿಗೂ ನಷ್ಟವೇ. ಅಕ್ರಮವಾಗಿ ಕೊಕ್ಕೆ ಹಾಕಿದವನು ನಿಗಮದ ವಿದ್ಯುತ್ತನ್ನು ಕದಿಯುವುದಷ್ಟೇ ಅಲ್ಲ, ನೆರೆಯವನ ಮೋಟಾರಿನ ಒತ್ತಡವನ್ನೂ ಕದಿಯುತ್ತಾನೆ.

ಕೆಲವು ನೂರು ಮೀಟರುಗಳಲ್ಲಿಯೇ ಇಷ್ಟು ನಷ್ಟವಾದರೆ, ನೂರಾರು ಕಿಲೋಮೀಟರು ದೂರಕ್ಕೆ ವಿದ್ಯುತ್ತನ್ನು ಒಯ್ಯುವುದು ಹೇಗೆ? ಈ ಪ್ರಶ್ನೆಗೆ ನಮ್ಮ ನಾಡು ಬಹು ಹಿಂದೆಯೇ ಉತ್ತರ ಕೊಟ್ಟಿದೆ. ಕಾವೇರಿ ನದಿಯು ಕವಲೊಡೆದು ಗಗನಚುಕ್ಕಿ, ಭರಚುಕ್ಕಿಗಳಾಗಿ ಧುಮುಕುವ ಶಿವನಸಮುದ್ರದಲ್ಲಿ ಮೈಸೂರು ಸಂಸ್ಥಾನವು ಜಲವಿದ್ಯುದಾಗಾರವನ್ನು ಕಟ್ಟಿಸಿತು. ಇವುಗಳಲ್ಲಿ ಭರಚುಕ್ಕಿಯು ಇಂದಿನ ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲದ ಕಡೆಗಿದೆ. ದಿವಾನರಾಗಿದ್ದ ಸರ್ ಕೆ. ಶೇಷಾದ್ರಿ ಅಯ್ಯರ್ ಅವರು ಈ ಯೋಜನೆಗೆ ಬೆಂಬಲವಾಗಿ ನಿಂತರು. ಎಂಜಿನಿಯರ್ ಜೋಲಿ ದ ಲಾಟ್‌ಬಿನಿಯರ್ ಅದರ ರೂಪುರೇಖೆಯನ್ನು ಸಿದ್ಧಪಡಿಸಿದರು. ೧೯೦೨ರಲ್ಲಿ ಅಲ್ಲಿಂದ ಸುಮಾರು ೧೪೭ ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ಅದು ಆ ಕಾಲಕ್ಕೆ ಜಗತ್ತಿನ ಅತಿ ಉದ್ದನೆಯ ವಿದ್ಯುತ್ ಮಾರ್ಗಗಳಲ್ಲಿ ಒಂದಾಗಿತ್ತು. ೧೯೦೧ರಲ್ಲಿಯೇ ತೀರಿಕೊಂಡ ಶೇಷಾದ್ರಿ ಅಯ್ಯರ್ ಅವರಿಗೆ ಅದನ್ನು ನೋಡುವ ಭಾಗ್ಯವಿರಲಿಲ್ಲ. ೧೯೦೫ರ ಆಗಸ್ಟ್ ೫ರಂದು ಬೆಂಗಳೂರಿನ ಬೀದಿಗಳಲ್ಲಿ ವಿದ್ಯುದ್ದೀಪಗಳು ಬೆಳಗಿದವು. ೧೯೦೮ರಲ್ಲಿ ಮೈಸೂರು ನಗರಕ್ಕೂ ಬೆಳಕು ಬಂದಿತು. ಚಿನ್ನದ ಗಣಿಗಳು ೨೦೦೧ರಲ್ಲಿ ಮುಚ್ಚಿದುವಾದರೂ, ಶೇಷಾದ್ರಿ ಅಯ್ಯರ್ ಅವರ ಹೆಸರನ್ನು ಹೊತ್ತ ಆ ವಿದ್ಯುದಾಗಾರ ಉಳಿದುಬಂದಿದೆ.

ಅಷ್ಟು ದೂರಕ್ಕೆ ವಿದ್ಯುತ್ತನ್ನು ಸಾಗಿಸಿದ ಉಪಾಯ ಇದು: ಒತ್ತಡವನ್ನು ಬಹಳ ಹೆಚ್ಚಿಸುವುದು. ಶಕ್ತಿಯು ವೋಲ್ಟು ಮತ್ತು ಆಂಪಿಯರುಗಳ ಗುಣಲಬ್ಧವಾದುದರಿಂದ, ವೋಲ್ಟನ್ನು ಹತ್ತುಮಡಿ ಮಾಡಿದರೆ ಅಷ್ಟೇ ಶಕ್ತಿಯನ್ನು ಹತ್ತನೆಯ ಒಂದು ಭಾಗದ ಪ್ರವಾಹದಿಂದ ಕಳುಹಿಸಬಹುದು. ಪ್ರವಾಹ ಹತ್ತನೆಯ ಒಂದು ಭಾಗವಾದರೆ ತಂತಿಯಲ್ಲಿ ಬಿಸಿಯಾಗಿ ಹೋಗುವ ನಷ್ಟ ನೂರನೆಯ ಒಂದು ಭಾಗವಾಗುತ್ತದೆ. ಶಿವನಸಮುದ್ರದ ಆ ಮಾರ್ಗದ ಒತ್ತಡ ಸುಮಾರು ೩೫,೦೦೦ ವೋಲ್ಟು. ನಮ್ಮ ಹಳ್ಳಿಗಳ ಹೊರವಲಯಕ್ಕೆ ಇಂದು ೧೧,೦೦೦ ವೋಲ್ಟಿನ ಮಾರ್ಗ ಬರುತ್ತದೆ, ಟಿ.ಸಿ.ಯು ಅದನ್ನು ಮನೆಗೆ, ಹೊಲಕ್ಕೆ ತಕ್ಕಂತೆ ತಗ್ಗಿಸುತ್ತದೆ.

ಇಷ್ಟನ್ನು ತಿಳಿದ ಮೇಲೆ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಗೆ ಬರಬಹುದು. ವಿದ್ಯುತ್ ತಂತಿಯ ಮೇಲೆ ಕುಳಿತ ಕಾಗೆಗೆ ಏನೂ ಆಗುವುದಿಲ್ಲ. ನೆಲದ ಮೇಲೆ ನಿಂತು ಅದೇ ತಂತಿಯನ್ನು ಮುಟ್ಟಿದ ಮನುಷ್ಯ ಸಾಯುತ್ತಾನೆ. ಏಕೆ? ಕಾಗೆಯ ಎರಡು ಕಾಲುಗಳೂ ಒಂದೇ ತಂತಿಯ ಮೇಲಿವೆ. ಅದರ ದೇಹದ ಮೂಲಕ ಹಾದು ಹಿಂದಿರುಗಲು ವಿದ್ಯುತ್ತಿಗೆ ಬೇರೆ ದಾರಿಯಿಲ್ಲ. ಸುತ್ತು ಪೂರ್ಣವಾಗಲಿಲ್ಲ. ಮನುಷ್ಯನ ವಿಷಯ ಹಾಗಲ್ಲ. ಟ್ರಾನ್ಸ್‌ಫಾರ್ಮರಿನ ಬಳಿ ನ್ಯೂಟ್ರಲ್ ತಂತಿಯನ್ನು ಭೂಮಿಗೆ ಕೂಡಿಸಿರುತ್ತಾರೆ. ಆದುದರಿಂದ ಭೂಮಿಯೇ ಒಂದು ಹಿಂದಿರುಗುವ ದಾರಿಯಾಗಿದೆ. ಫೇಸ್ ತಂತಿಯನ್ನು ಮುಟ್ಟಿದವನ ಕೈಯಿಂದ ಎದೆಯ ಮೂಲಕ ಕಾಲಿಗೆ, ಕಾಲಿನಿಂದ ನೆಲಕ್ಕೆ, ನೆಲದಿಂದ ಟ್ರಾನ್ಸ್‌ಫಾರ್ಮರಿಗೆ ಸುತ್ತು ಪೂರ್ಣವಾಗುತ್ತದೆ. ಆ ಮಂಡಲದಲ್ಲಿ ಬಲ್ಬು ಇದ್ದ ಸ್ಥಾನದಲ್ಲಿ ಅವನ ದೇಹವಿದೆ.

ಲೆಕ್ಕ ಹಾಕಿ ನೋಡೋಣ. ಮೈ ನೆನೆದಿರುವಾಗ ದೇಹದ ರೋಧ ಸುಮಾರು ೧,೦೦೦ ಓಮ್‌ಗೆ ಇಳಿಯಬಹುದು. ೨೩೦ ವೋಲ್ಟನ್ನು ಅದರಿಂದ ಭಾಗಿಸಿದರೆ ೦.೨೩ ಆಂಪಿಯರ್. ಆಂಪಿಯರಿನ ನೂರನೆಯ ಒಂದು ಭಾಗದಷ್ಟು ಪ್ರವಾಹಕ್ಕೇ ಕೈಯ ಸ್ನಾಯುಗಳು ಸೆಟೆದುಕೊಂಡು, ಹಿಡಿದ ತಂತಿಯನ್ನು ಬಿಡಲಾಗದಂತಾಗುತ್ತದೆ. ಹತ್ತನೆಯ ಒಂದು ಭಾಗ ಎದೆಯ ಮೂಲಕ ಹಾದರೆ ಹೃದಯದ ಬಡಿತ ತಾಳ ತಪ್ಪಿ ನಿಲ್ಲಬಹುದು. ೦.೨೩ ಆಂಪಿಯರ್ ಅದಕ್ಕಿಂತ ಎರಡು ಪಟ್ಟಿಗೂ ಹೆಚ್ಚು. ಇನ್ನೊಂದು ಮಾತು. ಮನೆಯ ೫ ಆಂಪಿಯರ್ ಫ್ಯೂಸಿಗೆ ಈ ಪ್ರವಾಹ ಲೆಕ್ಕಕ್ಕೇ ಇಲ್ಲ, ಅದು ಕರಗುವುದಿಲ್ಲ. ಫ್ಯೂಸು ಮನೆಯನ್ನು ಕಾಯುತ್ತದೆ, ಮನುಷ್ಯನನ್ನು ಕಾಯುವುದಿಲ್ಲ. ಮನುಷ್ಯನನ್ನು ಕಾಯಲು ಎರಡು ಏರ್ಪಾಡುಗಳಿವೆ. ಉಪಕರಣದ ಲೋಹದ ಮೈಯನ್ನು ದಪ್ಪ ತಂತಿಯಿಂದ ಭೂಮಿಗೆ ಕೂಡಿಸುವುದು ಮೊದಲನೆಯದು. ಒಳಗೆ ತಂತಿ ಸಡಿಲವಾಗಿ ಮೈಗೆ ತಾಗಿದರೆ, ಪ್ರವಾಹವು ಕಡಿಮೆ ರೋಧದ ಆ ದಾರಿಯಲ್ಲಿ ಧಾರಾಳವಾಗಿ ಹರಿದು ಫ್ಯೂಸನ್ನು ಕರಗಿಸುತ್ತದೆ. ಮೂರು ಕಡ್ಡಿಯ ಪ್ಲಗ್ಗಿನಲ್ಲಿ ಮೇಲಿನ ಕಡ್ಡಿ ಉದ್ದವಾಗಿ ಇರುವುದು ಎಲ್ಲಕ್ಕಿಂತ ಮೊದಲು ಈ ಭೂಸಂಪರ್ಕ ಒದಗಲೆಂದೇ. ಎರಡನೆಯದು ಆರ್.ಸಿ.ಸಿ.ಬಿ. ಎಂಬ ಸ್ವಿಚ್ಚು. ಹೋದ ಪ್ರವಾಹವೂ ಮರಳಿದ ಪ್ರವಾಹವೂ ಸಮನಾಗಿರಬೇಕೆಂದು ಆಗಲೇ ನೋಡಿದೆವು. ಅವೆರಡರಲ್ಲಿ ವ್ಯತ್ಯಾಸ ಕಂಡರೆ, ಯಾರ ದೇಹದ ಮೂಲಕವೋ ನೆಲಕ್ಕೆ ಸೋರುತ್ತಿದೆ ಎಂದರ್ಥ. ಮನೆಗಳಲ್ಲಿ ಬಳಸುವ ಇಂಥ ಸ್ವಿಚ್ಚು ೦.೦೩ ಆಂಪಿಯರಿನಷ್ಟು ಸೋರಿಕೆಯಾದರೂ ಕ್ಷಣಮಾತ್ರದಲ್ಲಿ ಸುತ್ತನ್ನು ಕಡಿಯುತ್ತದೆ.

ಕಾಡಂಚಿನ ನಮ್ಮ ಸೀಮೆಗೆ ವಿಶೇಷವಾಗಿ ಸಂಬಂಧಿಸಿದ ಮಾತೊಂದಿದೆ. ಬಂಡೀಪುರದ ಕಾಡಿನ ಸೆರಗಿನಲ್ಲಿ ಬೆಳೆ ಬೆಳೆಯುವವನ ಕಷ್ಟ ಸಣ್ಣದಲ್ಲ. ಕಾಡುಹಂದಿಗಳ ಹಿಂಡು ಒಂದೇ ರಾತ್ರಿಯಲ್ಲಿ ಹೊಲವನ್ನು ಬಗೆದುಹಾಕುತ್ತದೆ. ಆನೆ ಬಂದರಂತೂ ವರ್ಷದ ದುಡಿಮೆ ಮಣ್ಣುಪಾಲು. ಈ ಸಂಕಟದಲ್ಲಿ ಕೆಲವರು ಪಂಪಿನ ಲೈನಿನಿಂದ ತಂತಿಯೆಳೆದು ಬೇಲಿಗೆ ನೇರವಾಗಿ ಕೂಡಿಸುತ್ತಾರೆ. ಆ ಬೇಲಿ ಎಂಬುದು ಮುಕ್ಕಾಲು ಮುಗಿದ ಒಂದು ವಿದ್ಯುನ್ಮಂಡಲ. ಅದನ್ನು ಪೂರ್ಣಗೊಳಿಸಲು ನೆಲದ ಮೇಲೆ ನಿಂತ ಒಂದು ಜೀವಕ್ಕಾಗಿ ಅದು ಕತ್ತಲಲ್ಲಿ ಕಾದಿರುತ್ತದೆ. ಬರುವುದು ಹಂದಿಯೋ, ಆನೆಯೋ, ಮೇಯುತ್ತ ಬಂದ ದನವೋ ಎಂದು ತಂತಿ ನೋಡುವುದಿಲ್ಲ. ಪಂಪಿಗೆ ಮೂರು ಫೇಸಿನ ವಿದ್ಯುತ್ತು ಎಷ್ಟೋ ವೇಳೆ ರಾತ್ರಿಯಲ್ಲಿ ದೊರೆಯುವುದರಿಂದ, ನೀರು ಕಟ್ಟಲು ಹೊರಟ ನೆರೆಯವನೋ, ಬೇಲಿ ಕಟ್ಟಿದವನ ಮಗನೋ ಅದನ್ನು ಮುಟ್ಟಬಹುದು. ಇಂಥ ಬೇಲಿಗಳಿಗೆ ಆನೆಗಳೂ ಮನುಷ್ಯರೂ ಬಲಿಯಾಗಿರುವುದುಂಟು. ಇದು ಕಾನೂನಿಗೂ ವಿರುದ್ಧ. ಆನೆಯು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿರುವ ಪ್ರಾಣಿ.

ಸೌರಬೇಲಿ ಎಂಬುದು ಬೇರೆಯೇ ಬಗೆಯದು. ಅದರ ಒತ್ತಡ ಹಲವು ಸಾವಿರ ವೋಲ್ಟು ಎಂದು ಕೇಳಿ ಬೆರಗಾಗಬಹುದು. ಆದರೆ ಅದು ಸೆಕೆಂಡಿಗೆ ಸುಮಾರು ಒಂದು ಸಲ ಮಾತ್ರ, ಅದೂ ಸೆಕೆಂಡಿನ ಸಾವಿರದ ಕೆಲವೇ ಭಾಗಗಳಿಗೂ ಮೀರದಷ್ಟು ಅಲ್ಪಕಾಲ, ಮಿಡಿದು ನಿಲ್ಲುತ್ತದೆ. ಪ್ರತಿ ಮಿಡಿತದ ಶಕ್ತಿಯನ್ನೂ ಮಿತಗೊಳಿಸಿರುತ್ತಾರೆ. ಮುಟ್ಟಿದ ಪ್ರಾಣಿಗೆ ನೋವಾಗುತ್ತದೆ, ಬೆದರಿ ಹಿಂದೆ ಸರಿಯುತ್ತದೆ; ನಡುವಿನ ಬಿಡುವಿನಲ್ಲಿ ಬಿಡಿಸಿಕೊಳ್ಳಲು ಅವಕಾಶವಿರುತ್ತದೆ. ಲೈನಿನ ತಂತಿಯಾದರೋ ಹಿಡಿದುದನ್ನು ಬಿಡುವುದಿಲ್ಲ. ಸರಿಯಾದ ಉಪಕರಣವಿರುವ ಸೌರಬೇಲಿಗೂ ಲೈನಿಗೆ ಕಟ್ಟಿದ ಬೇಲಿಗೂ ಹೊರನೋಟಕ್ಕೆ ಭೇದವಿಲ್ಲದಿರಬಹುದು. ಒಂದು ಬೆಳೆಯನ್ನು ಕಾಯುತ್ತದೆ, ಇನ್ನೊಂದು ಪ್ರಾಣವನ್ನು ತೆಗೆಯುತ್ತದೆ.

ಯಾರಾದರೂ ವಿದ್ಯುತ್ತಿಗೆ ಸಿಕ್ಕಿಕೊಂಡುದನ್ನು ಕಂಡರೆ ನೀವು ಮಾಡಬೇಕಾದುದೇನೆಂಬುದು ಈಗ ನಿಮಗೇ ಹೊಳೆಯಬೇಕು. ಅವರನ್ನು ಬರಿಗೈಯಿಂದ ಎಳೆದರೆ ನೀವೂ ಆ ಮಂಡಲದ ಒಂದು ಭಾಗವಾಗುತ್ತೀರಿ. ಒಂದೇ ಮನೆಯವರು ಒಬ್ಬರ ಹಿಂದೊಬ್ಬರು ಬಲಿಯಾಗುವುದು ಹೀಗೆಯೇ. ಮೊದಲು ಸುತ್ತನ್ನು ಕಡಿಯಬೇಕು, ಅಂದರೆ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಮನೆಯ ತಂತಿಯಾಗಿದ್ದು, ಸ್ವಿಚ್ಚು ಕೈಗೆಟುಕದಿದ್ದರೆ, ಒಣಗಿದ ಮರದ ಹಲಗೆಯ ಮೇಲೆ ನಿಂತು, ಒಣ ಮರದ ಕೋಲಿನಿಂದ ತಂತಿಯನ್ನು ದೂರ ಸರಿಸಬೇಕು. ಕಂಬದ ತಂತಿ ಹರಿದು ಬಿದ್ದಿದ್ದರೆ ಕೋಲು ಹಿಡಿದೂ ಹತ್ತಿರ ಸುಳಿಯಬಾರದು. ಅದರ ಸುತ್ತಲಿನ ನೆಲದಲ್ಲಿಯೂ ವಿದ್ಯುತ್ತು ಹರಿಯುತ್ತಿರಬಹುದು. ಇತರರನ್ನೂ ದೂರ ನಿಲ್ಲಿಸಿ, ೧೯೧೨ ಎಂಬ ಸಂಖ್ಯೆಗೆ ದೂರವಾಣಿ ಮಾಡಿ ವಿದ್ಯುತ್ ನಿಗಮದವರಿಗೆ ತಿಳಿಸಬೇಕು.

ಟಾರ್ಚಿನ ಸಣ್ಣ ಬಲ್ಬಿನಲ್ಲಿಯೂ, ಶಿವನಸಮುದ್ರದಿಂದ ಕೋಲಾರಕ್ಕೆ ಹರಿದ ಮಾರ್ಗದಲ್ಲಿಯೂ, ಕತ್ತಲಲ್ಲಿ ಕಾದಿರುವ ಬೇಲಿಯಲ್ಲಿಯೂ ಇರುವುದು ಒಂದೇ ನಿಯಮ. ವಿದ್ಯುತ್ತು ತನ್ನ ಸುತ್ತನ್ನು ಪೂರ್ಣಗೊಳಿಸಲು ದಾರಿಯನ್ನು ಬಯಸುತ್ತದೆ. ದಾರಿ ಯಾವುದೆಂದು ಅದು ವಿಚಾರಿಸುವುದಿಲ್ಲ. ಆ ವಿಚಾರ ಮಾಡಬೇಕಾದವರು ನಾವು. ಇಂದು ಶಾಲೆಯಿಂದ ಮನೆಗೆ ಮರಳಿದಾಗ ಮುಖ್ಯ ಸ್ವಿಚ್ಚು ಎಲ್ಲಿದೆ ಎಂಬುದನ್ನು ಗುರುತಿಸಿಕೊಳ್ಳಿ. ಇಸ್ತ್ರಿಪೆಟ್ಟಿಗೆಯ ಪ್ಲಗ್ಗಿಗೆ ಮೂರು ಕಡ್ಡಿಗಳಿವೆಯೇ, ಪಂಪಿನ ಮನೆಯಲ್ಲಿ ಮೋಟಾರಿನ ಮೈಯಿಂದ ನೆಲಕ್ಕೆ ಹೋಗುವ ತಂತಿ ತುಂಡಾಗದೆ ಉಳಿದಿದೆಯೇ ಎಂಬುದನ್ನು ಏನನ್ನೂ ಮುಟ್ಟದೆ, ಹಿರಿಯರ ಜೊತೆಯಲ್ಲಿ ನೋಡಿ. ಕೊರತೆ ಕಂಡರೆ ಅವರಿಗೆ ತಿಳಿಸಿ, ಬಲ್ಲವರಿಂದ ಸರಿಪಡಿಸಲು ಹೇಳಿ. ನೀವು ಕಲಿತ ಪಾಠ ಒಂದು ಮನೆಯನ್ನು ಕಾಯುವುದು ಆಗಲೇ.